ಪರದೆಯಿದ್ದ ಮೋಟಾರು

ಈಗಿನ ಕಾರುಗಳೆಲ್ಲ ಒಂದೇ ಎರಕದಲ್ಲಿ ಹುಟ್ಟಿದಂತಿರುತ್ತವೆಂಬುದು ನನ್ನ ಬಹುದಿನದ ಆಕ್ಷೇಪಣೆ. ಸ್ಟೇಶನ್ ಬಜಾರದಲ್ಲಿ ಪರರ ಗಾಡಿಗೆ ನನ್ನ ಕೀಲಿ ತುರುಕಿ ಬೈಸಿಕೊಂಡವನು ನಾನು. ಆದರೆ ಹಳೆಯ ಮೋಟಾರಿನ ಬರಿಯ ಬಾಡಿ ತೋರಿಸಿದರೂ ಸಾಕು, ಮಡ್‌ಗಾರ್ಡಿನ ಉಬ್ಬು, ಬಾಗಿಲಿನ ಬಿಜಾಗರಿ, ಎರಡು ಹೋಳಾದ ಮುಂದಿನ ಗಾಜು ನೋಡಿ ಅದರ ಕುಲಗೋತ್ರ ಒಪ್ಪಿಸಿಬಿಡುತ್ತೇನೆ. ಮದುವೆಗೆ ಹೋದರೆ ಮದುಮಗಳಿಗಿಂತ ಮೊದಲು ಮೆರವಣಿಗೆಯ ಗಾಡಿಯನ್ನು ನೋಡುವವನೆಂದು ನನ್ನ ಹೆಂಡತಿ ಓಣಿಗೆಲ್ಲ ಹೇಳಿಟ್ಟಿದ್ದಾಳೆ. ಈ ನಿರುಪಯುಕ್ತ ಪಾಂಡಿತ್ಯಕ್ಕೂ ಒಂದು ದಿನ ಕರೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಕರೆದವರು ನೆರೆಮನೆಯ ರಶೀದಾ ಆಪಾ, ನಿವೃತ್ತ ಶಿಕ್ಷಕಿ. ಅವರ ತಂದೆ ಸ್ಟೇಶನ್ನಿನೆದುರು ಬಾಡಿಗೆ ಮೋಟಾರು ನಡೆಸುತ್ತಿದ್ದರು. ಆಪಾ ಎರಡನೆಯ ತರಗತಿಯಲ್ಲಿದ್ದಾಗ, ರೈಲಿನಿಂದಿಳಿದ ಯಾರೋ ಬುರ್ಖಾದ ಹೆಂಗಸನ್ನು ಕಮಲಾಪುರದ ಕಡೆಗೆ ಬಿಡಲು ಹೋದವರು ಗಾಡಿ ಸಮೇತ ಮರಳಲಿಲ್ಲ. ಅವಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಓಡಿಹೋದನೆಂದು ಜನ ಆಡಿಕೊಂಡರು. ಆಪಾ ಅವರ ತಾಯಿಯೂ ಅದನ್ನೇ ನಂಬಿ, ಇದ್ದೊಂದು ಫೋಟೋ ಸುಟ್ಟು, ಸಾಯುವವರೆಗೆ ಗಂಡನ ಹೆಸರೆತ್ತಲಿಲ್ಲ.

ಮೊನ್ನೆ ಕಮಲಾಪುರದ ಹತ್ತಿರ, ರಸ್ತೆ ಪಕ್ಕದ ಕೆರೆಯ ಹೂಳೆತ್ತುವಾಗ ಕಾರೊಂದರ ಬಾಡಿ ಸಿಕ್ಕಿತು. ನಂಬರ್ ಪ್ಲೇಟು ತುಕ್ಕು ತಿಂದುಹೋಗಿತ್ತು. ಒಳಗಿದ್ದ ಎಲುಬುಗಳನ್ನು ಒಯ್ದ ಪೊಲೀಸರು ಅವು ಒಬ್ಬರವೋ ಇಬ್ಬರವೋ ಎಂದು ಇನ್ನೂ ಹೇಳಿರಲಿಲ್ಲ.

“ಗಾಡಿ ನಮ್ಮ ಅಬ್ಬಾಂದು ಹೌದೋ ಅಲ್ಲೋ, ನೀವ ನೋಡಿ ಹೇಳ್ರಿ,” ಎಂದರು ಆಪಾ.

ಕೆರೆಯ ಏರಿಯ ಮೇಲೆ ಎಳೆದಿಟ್ಟಿದ್ದ ಬಾಡಿಯನ್ನು ಕಂಡದ್ದೇ ತಡ, ನನ್ನ ನಾಲಿಗೆಗೆ ಬುದ್ಧಿಯಿಲ್ಲ, ಉಪನ್ಯಾಸ ಶುರು ಮಾಡಿದೆ. ಮಡ್‌ಗಾರ್ಡಿನ ಮೇಲೆಯೇ ಕೂತ ದೀಪಗಳು, ಹಿಂದಕ್ಕೆ ತೆರೆಯುವ ಮುಂಬಾಗಿಲು, ಇಂಗ್ಲೆಂಡಿನ ತಯಾರಿಕೆ ಎಂದೆಲ್ಲ ವಿವರಿಸಿದೆ.

“ಇಂಥವು ಆಗ ಊರಾಗ ಭಾಳ ಇದ್ವೇನ್ರಿ?” ಎಂದು ಅವರು ಮೆಲ್ಲನೆ ಕೇಳಿದರು. ಇದ್ದವು ಎಂದೆ, ಮುಖ ತಗ್ಗಿಸಿ.

ಒಳಗೆ ಬಗ್ಗಿದಾಗ ಯಾವ ಕಂಪನಿಯೂ ಕೂರಿಸದ ವಸ್ತುವೊಂದು ಕಂಡಿತು. ಮುಂದಿನ ಸೀಟಿನ ಹಿಂದೆ, ಅಡ್ಡಲಾಗಿ ಒಂದು ಹಿತ್ತಾಳೆಯ ಸರಳು. ಗೋಷಾ ಪಾಲಿಸುವ ಹೆಂಗಸರಿಗಾಗಿ ಆಗಿನ ಬಾಡಿಗೆ ಗಾಡಿಗಳಲ್ಲಿ ಹೀಗೆ ಪರದೆ ಕಟ್ಟುತ್ತಿದ್ದರು. ಸರಳಿನ ಎರಡೂ ತುದಿಗೆ, ತೊಟ್ಟಿಲಿನ ಮೂಲೆಗಳಿಗೆ ಅಲಂಕಾರಕ್ಕೆ ಕೂರಿಸುವಂಥ ಗುಂಡುಗಳನ್ನು ಬಿಗಿದಿದ್ದರು.

“ಅವು ನನ್ನ ತೊಟ್ಟಿಲದ್ದವು,” ಎಂದರು ಆಪಾ. ಗಾಡಿಯ ಗುರುತು ಸಿಕ್ಕಿತು. ಆದರೆ ಅವರು ಗುಂಡುಗಳನ್ನು ಬಿಟ್ಟು ಸರಳಿನ ಎಡತುದಿಯನ್ನೇ ದಿಟ್ಟಿಸುತ್ತಿದ್ದರು. ಬಟ್ಟೆ ಕೊಳೆತುಹೋಗಿತ್ತು, ಅದನ್ನು ಹಿಡಿದಿದ್ದ ಉಂಗುರಗಳು ಉಳಿದಿದ್ದವು. ಎಲ್ಲವನ್ನೂ ಒಂದೇ ಬದಿಗೆ ಸರಿಸಿ ತಾಮ್ರದ ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು.

“ಹೆಣ್ಮಕ್ಕಳು ಕುಂತಿದ್ರ ಅಬ್ಬಾ ಪರದಾ ಬಿಚ್ಚತಿದ್ದಿಲ್ರಿ. ಅವರು ಇಳಿದ ಮ್ಯಾಲ ಹಿಂಗ ಸರಿಸಿ ಕಟ್ಟತಿದ್ರು, ಹಿಂದಿನ ರಸ್ತೆ ಕನ್ನಡ್ಯಾಗ ಕಾಣ್ಲಿ ಅಂತ.”

ಆ ಹೆಂಗಸು ಇಳಿದಿದ್ದಳು. ಆಪಾ ಅವರ ತಂದೆ ಒಬ್ಬರೇ ಮನೆಗೆ ಹೊರಟಿದ್ದರು.

ಮರಳುವಾಗ ಊರ ಹೊರಗಿನ ಖಬರಸ್ತಾನದ ಮುಂದೆ ಗಾಡಿ ನಿಲ್ಲಿಸಲು ಹೇಳಿದರು. ಅಲ್ಲಿ ಅವರ ತಾಯಿಯ ಗೋರಿಯಿದೆ. ಬಾಗಿಲು ತೆರೆದ ಆಪಾ ಇಳಿಯದೆ ಕುಳಿತೇ ಇದ್ದರು.

“ಮನೀಗೇ ಬರಾಕತ್ತಿದ್ರು ಅಂತ,” ಎಂದರು ಕೊನೆಗೆ, “ಈಗ ಹ್ಯಾಂಗ ಹೇಳ್ಲಿರಿ ಅಮ್ಮೀಗಿ?”