ಗೆಂಡೆ ಹತ್ತಿದ ಸಂಜೆ

ಅಥವಾ ಆ ಸಂಜೆ ಮಳೆಯೇ ಬಂದಿರಲಿಲ್ಲವೋ ಏನೋ. ನನ್ನ ನೆನಪಿನಲ್ಲಿ ಬಂದಿದೆ, ಗೆಳೆಯ ಸಿದ್ದನ ನೆನಪಿನಲ್ಲೂ ಬಂದಿದೆ. ಅವನ ಹೆಂಡತಿ ತಾಯಮ್ಮ ಮಾತ್ರ ಆಮೇಲೊಮ್ಮೆ ಸಿಕ್ಕಾಗ, ಅವತ್ತು ಅಂಗಳದಲ್ಲಿ ರಾಗಿ ಒಣಗುತ್ತಿತ್ತು ಎಂದಳು. ಬೇಕಾದ್ದನ್ನು ಸೇರಿಸಿ, ಬೇಡದ್ದನ್ನು ಒರೆಸಿ, ಆಮೇಲೆ ಪ್ರಮಾಣ ಮಾಡುವುದು ನೆನಪಿನ ಚಾಳಿ. ದೆವ್ವ, ಗಾಳಿ ಎಂದವರ ಮಾತಿಗೆ ನಾನು ನಕ್ಕವನು. ಆದ್ದರಿಂದ ಇದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ.

ತೊಂಬತ್ತರ ದಶಕದ ಮಾತು. ಕ್ಯಾತನಹಳ್ಳಿ ಕಡೆಯ ನಮ್ಮೂರ ಕೆರೆಗೆ ಮೊದಲ ಮಳೆಯ ನೀರು ಹಳ್ಳದಲ್ಲಿ ಇಳಿದು ಬರುವಾಗ, ಗೆಂಡೆ ಮೀನುಗಳು ಅದಕ್ಕೆ ಎದುರಾಗಿ ಈಜಿ, ಮೇಲಿನ ಜೊಂಡಿನಲ್ಲಿ ಮೊಟ್ಟೆಯಿಡಲು ಹತ್ತುತ್ತಿದ್ದವು. ಹಳ್ಳಕ್ಕೆ ಅಡ್ಡಲಾಗಿ ಬಿದಿರಿನ ಕೂಳಿಗಳನ್ನಿಟ್ಟು ಅವನ್ನು ಹಿಡಿಯುವುದು ಸಿದ್ದನ ಮನೆಯವರ ಕಸುಬು. ಅವರಲ್ಲೊಂದು ಕಟ್ಟಳೆಯಿತ್ತು. ಕೂಳಿಗೆ ಬಿದ್ದ ಮೊದಲ ಬಸುರಿ ಮೀನನ್ನು ತಿನ್ನುವುದಿಲ್ಲ, ಮಾರುವುದಿಲ್ಲ. ಕಣ್ಣಿಗೊತ್ತಿಕೊಂಡು, ಕೂಳಿ ದಾಟಿಸಿ ಹಳ್ಳದ ಮೇಲುಗಡೆಗೆ ಬಿಡುತ್ತಾರೆ.

ಹಳ್ಳದ ಎರಡೂ ದಡಕ್ಕೆ ಕಬ್ಬು ಬಂದಮೇಲೆ ಗೆಂಡೆ ಹತ್ತುವುದು ನಿಂತಿತು. ಕಳೆಗೆ ಒಂದು ಔಷಧಿ, ಹುಳಕ್ಕೆ ಇನ್ನೊಂದು. ಡಬ್ಬಿ ತೊಳೆಯುತ್ತಿದ್ದುದು ಹಳ್ಳದಲ್ಲೇ. ಮೀನು ಸಾಯಲಿಲ್ಲ. ಸತ್ತು ತೇಲಿದ್ದರೆ ಯಾರಾದರೂ ಬೈಯುತ್ತಿದ್ದರೇನೋ. ಕೆರೆಯಲ್ಲಿ ಮುದಿ ಮೀನುಗಳಿದ್ದವು, ಮರಿಗಳಿರಲಿಲ್ಲ. ಕೊಯ್ದರೆ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿಯೇ ಇರುತ್ತಿರಲಿಲ್ಲ. ವಿಷ ಸ್ವಲ್ಪಸ್ವಲ್ಪವೇ ಸೇರಿದರೆ ಹೀಗಾಗುತ್ತದೆ ಎಂದು ಮೀನುಗಾರಿಕೆ ಓದಿದ ಒಬ್ಬರು ಹೇಳಿದರು. ಕಬ್ಬು ಬೆಳೆದ ನಮ್ಮ ಮಾವ, "ಮೀನ್ ಬಸ್ರಾಗ್ನಿಲ್ಲ ಅಂತ ನಾನ್ ಕಬ್ ಬುಡ್ಲಾ? ಓಗಿ ಸೂಲಗಿತ್ತಿ ಕರ್ಕಬನ್ನಿ," ಎಂದರು. ಎಲ್ಲರೂ ನಕ್ಕೆವು. ಸಿದ್ದನೂ ನಕ್ಕ.

ತಾಯಮ್ಮ ನಗಲಿಲ್ಲ. ಈ ಸಲವೂ ಗೆಂಡೆ ಹತ್ತದಿದ್ದರೆ ಕೃಷ್ಣರಾಜಪೇಟೆಗೆ ಹೋಗಿಬಿಡುವುದು ಎಂದು ಹಟ ಹಿಡಿದಳು. ಅವಳ ಅಣ್ಣ ಅಲ್ಲಿ ಮಂಡಿಯೊಂದರಲ್ಲಿ ಸಿದ್ದನಿಗೆ ಕೆಲಸ ನೋಡಿದ್ದ. ಸಿದ್ದ ಒಪ್ಪಿದ್ದ.

ಆ ಸಂಜೆ ಅವನೂ ನಾನೂ ಹಳ್ಳಕ್ಕಿಳಿದೆವು. ಇನ್ನೂ ಬೆಳಕಿತ್ತು. ನೀರು ಮೊಣಕಾಲಿನವರೆಗೆ, ಮೇಲೆ ನೊರೆ, ಔಷಧಿಯ ವಾಸನೆ. ಕೂಳಿಗೆ ಒಂದು ಗೆಂಡೆ ಬಿತ್ತು. ಹೊಟ್ಟೆ ಉಬ್ಬಿತ್ತು.

"ಬುಡಬ್ಯಾಡ ಕಣ್ಲಾ, ಮನೇಲಿ ತೋರ್ಸು," ಎಂದೆ.

"ಮೊದ್ಲುನೇದ್ನೇ ಇಟ್ಕಂಡ್ರೆ ಹಿಂದ್ಲವು ಬಂದಾವೇನ್ಲಾ?" ಎಂದವನು ಕಣ್ಣಿಗೊತ್ತಿಕೊಂಡು ಬಿಟ್ಟುಬಿಟ್ಟ.

ಆಮೇಲೆ ಅವು ಬಂದವು. ಮೊದಲು ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ. ಬಳಿಕ ನನ್ನ ಕಾಲುಗಳಿಗೆ ತಣ್ಣಗೆ ಉಜ್ಜಿಕೊಂಡು, ಒಂದರ ಹಿಂದೊಂದು, ಗುಂಪುಗುಂಪಾಗಿ. ಕೂಳಿಗಳು ನಡುಗಿದವು. ಸಿದ್ದ ಅಳುತ್ತಿದ್ದ, ಇಲ್ಲವೇ ಅವನ ಮುಖದ ಮೇಲೆ ಮಳೆಯಿತ್ತು. ಕೂಳಿ ಎತ್ತಿದಾಗ ಭಾರವಾಗಿತ್ತು. ನೀರು ಸೋರಿ ಹೋಯಿತು. ಒಳಗೆ ನೊರೆ ಮಾತ್ರ. ಮಿಕ್ಕ ಕೂಳಿಗಳೂ ಹಾಗೆಯೇ. ಕಾಲಿಗೆ ಮಾತ್ರ ಅವು ಇನ್ನೂ ತಾಕುತ್ತಲೇ ಇದ್ದವು. ಬಗ್ಗಿ ಎರಡೂ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಬರೀ ನೀರು.

ಬೆಳಿಗ್ಗೆ ಜೊಂಡಿನಲ್ಲೊಂದು ಗೆಂಡೆ ಸತ್ತು ಬಿದ್ದಿತ್ತು. ಸಿದ್ದ ಕೊಯ್ದ. ಹೊಟ್ಟೆ ತುಂಬ ಹಳದಿ ನೀರು, ಒಂದು ಮೊಟ್ಟೆಯೂ ಇಲ್ಲ. ಬಿಟ್ಟ ಮೀನೇ ಅದೋ ಬೇರೆಯೋ ಹೇಳಲಾರೆ.

ಮನೆಯಲ್ಲಿ ತಾಯಮ್ಮ ಗಂಟು ಕಟ್ಟಿ ಕೂತಿದ್ದಳು. ಸಿದ್ದ ಹೊರಡಲೊಲ್ಲ. "ಹತ್ತವೆ ಕಣಮ್ಮಿ, ಕಾಲ್ಗೇ ತಾಕ್ದೊ. ಇವುನ್ನೇ ಕೇಳು."

ಅವಳು ನನ್ನ ಕಡೆ ತಿರುಗಿದಳು. "ಅಣ್ಣೋ, ನೀನು ಓದ್ದೋನು. ಮೀನಿದ್ವಾ, ಇರ್ನಿಲ್ವಾ? ಒಂದ್ ಮಾತ್ ಹೇಳ್ಬುಡು. ಇದ್ವು ಅಂದ್ರೆ ಗಂಟ್ ಬಿಚ್ತೀನಿ."

ತಾಕಿದ್ದು ನಿಜ. ಮೊದಲು ಬಿಟ್ಟದ್ದರ ಹೊರತು ಹಿಡಿಯಲು ಒಂದೂ ಇರಲಿಲ್ಲ ಎಂಬುದೂ ನಿಜ. ನಾನು ಬಗ್ಗಿ ಕಾಲಿಗಂಟಿದ್ದ ಕೆಸರನ್ನು ಕೆರೆಯತೊಡಗಿದೆ. ಅವಳು ಗಂಟು ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಸಿದ್ದ ಈಗಲೂ ವರ್ಷವರ್ಷ ಆ ಹಳ್ಳಕ್ಕೆ ಕೂಳಿ ಇಡುತ್ತಾನೆ.