ಅತ್ತೆ ಸಂಸತ್ತಿಗೆ ‘ಕುಂದರ್ರಿ’ ಅಂದಳು

ನಮ್ಮ ನೀಲವ್ವತ್ತೆಯನ್ನು ಸಂಸತ್ತಿನಿಂದ ಹೊರಗೆ ಹಾಕಿದರು.

(ಗಾಬರಿಯಾಗಬೇಡಿ. ಅವಳು ಸಂಸದೆಯಲ್ಲ. ಸಂಸದೆಯಾಗಿದ್ದರೆ ಬಹುಶಃ ಒಳಗೇ ಇರುತ್ತಿದ್ದಳು.)

ನೀಲವ್ವತ್ತೆ ಅಂದರೆ ನಮ್ಮಪ್ಪನ ಕಡೇ ತಂಗಿ. ಮನೆ ಯಲವಿಗಿಯಲ್ಲಿ. ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಎತ್ತರ ಐದಡಿಗೂ ಕಡಿಮೆ. ದನಿ ಮಾತ್ರ ಆ ಕೊರತೆಯನ್ನು ಬಡ್ಡಿ ಸಮೇತ ತುಂಬಿಕೊಟ್ಟಿದೆ. ಮಧ್ಯಾಹ್ನದ ಗಂಟೆ ಹೊಡೆದದ್ದೇ ತಡ, ಮಕ್ಕಳೆಲ್ಲ ತಾಟು ಬಡಿಯುತ್ತ, ಒಬ್ಬರನ್ನೊಬ್ಬರು ದೂಡುತ್ತ ಓಡಿಬರುತ್ತವೆ. ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತು ಒಂದೇ ಮಾತು ಅನ್ನುತ್ತಾಳೆ: ‘ಕುಂದರ್ರಿ!’ ಅಷ್ಟೇ. ಕುಳಿತುಬಿಡುತ್ತವೆ. ಒಮ್ಮೆ ತಪಾಸಣೆಗೆ ಬಂದಿದ್ದ ಸಾಹೇಬರೂ ಕುಳಿತುಬಿಟ್ಟರಂತೆ.

ಇಂಥ ಅತ್ತೆಗೆ ದಿಲ್ಲಿಯಲ್ಲಿ ಏನು ಕೆಲಸ?

ಒಂದು ರೈಲಿನ ಕೆಲಸ. ಹುಬ್ಬಳ್ಳಿಯಿಂದ ಸಂಜೆ ಹೊರಡುವ ಒಂದು ಎಕ್ಸ್‌ಪ್ರೆಸ್ ಯಲವಿಗಿಯಲ್ಲಿ ನಿಲ್ಲುವುದಿಲ್ಲ. ಹುಬ್ಬಳ್ಳಿಗೆ ಕಾಲೇಜಿಗೆ ಹೋಗುವ ಹುಡುಗಿಯರು ಕಿಟಕಿಯಿಂದ ತಮ್ಮೂರನ್ನು ನೋಡುತ್ತ ಹಾವೇರಿಗೆ ಹೋಗಿ ಇಳಿಯಬೇಕು. ಅಲ್ಲಿಂದ ಬಸ್ಸು ಹಿಡಿದು ಹಿಂದಕ್ಕೆ ಬರಬೇಕು. ಆ ಬಸ್ಸೋ, ಎಷ್ಟೋ ಸಲ ರೈಲು ಬರುವ ಮೊದಲೇ ಹೊರಟಿರುತ್ತದೆ. ಮುಂದಿನ ಬಸ್ಸಿಗೆ ಕಾದು ಊರು ಸೇರುವ ಹೊತ್ತಿಗೆ ಪೂರ್ತಿ ಕತ್ತಲೆ.

ಅತ್ತೆಯ ಜೊತೆ ಅಡುಗೆ ಮಾಡುವ ಫಕ್ಕೀರವ್ವನ ಮಗಳು ಕಾವೇರಿ ಹೀಗೇ ಒಂದು ವರ್ಷ ಓಡಾಡಿದಳು. ನರ್ಸಿಂಗ್ ಓದುತ್ತಿದ್ದಳು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಇಬ್ಬರು ಬೆನ್ನುಹತ್ತಿದರು. ಮನೆಯಲ್ಲಿ ‘ಸಾಕು, ಇನ್ನ ಕಾಲೇಜು ಬ್ಯಾಡ’ ಎಂದರು. ಕಾವೇರಿಯೋ, ಶಾಲೆಯಲ್ಲಿ ಅತ್ತೆಯ ಕೈಯೂಟ ಉಂಡು ಬೆಳೆದ ಹುಡುಗಿ. ಈಗ ಅವ್ವನ ಜೊತೆ ಉಳ್ಳಾಗಡ್ಡಿ ಹೆಚ್ಚಲು ಬಂದು ಕುಳಿತಳು. ಅತ್ತೆಗೆ ಅದನ್ನು ನೋಡಲಾಗಲಿಲ್ಲ.

ಅರ್ಜಿ ಬರೆಸಿದಳು. ಮನೆಮನೆ ತಿರುಗಿ ಸಹಿ ಹಾಕಿಸಿದಳು. ಆಮೇಲೆ ಸವಣೂರಿನ ಒಂದು ಮದುವೆಯಲ್ಲಿ ಸಂಸದರು ಊಟಕ್ಕೆ ಕುಳಿತದ್ದು ಕಂಡು ನೇರ ಎಲೆಯ ಮುಂದೆ ಹೋಗಿ ನಿಂತಳು.

‘ಸಾಹೇಬ್ರ, ಎರಡ ನಿಮಿಷ ಗಾಡಿ ನಿಂತ್ರ ಯಾರ ಗಂಟು ಹೋಗ್ತೈತ್ರಿ?’

ಸಂಸದರ ಬಾಯಲ್ಲಿ ಹೋಳಿಗೆ. ಎಲೆ ಬಿಟ್ಟು ಏಳುವಂತಿಲ್ಲ. ಅರ್ಜಿ ಓದಿದರು. ‘ಖರೇ ಐತ್ರಿ ನೀಲವ್ವಾರ. ಈ ಸಲ ಸಂಸತ್ತಿನ್ಯಾಗ ಎತ್ತೇ ಎತ್ತತೇನಿ. ಬೇಕಾದ್ರ ಬಂದು ನೋಡ್ರಿ’ ಎಂದರು.

ರಾಜಕಾರಣಿಗಳು ‘ಬಂದು ನೋಡ್ರಿ’ ಅನ್ನುವುದೂ ನಾವು ದಾರಿಯಲ್ಲಿ ಸಿಕ್ಕವರಿಗೆ ‘ಊಟಕ್ಕ ಬರ್ರಿ’ ಅನ್ನುವುದೂ ಒಂದೇ ಜಾತಿಯ ಮಾತು. ಯಾರಾದರೂ ನಿಜವಾಗಿ ಬರುತ್ತಾರೆಯೇ? ನೀಲವ್ವತ್ತೆ ಬರುತ್ತಾಳೆ. ದಿನಾ ಫೋನ್ ಮಾಡಿ ಮಾಡಿ ಪಾಸ್ ತರಿಸಿಕೊಂಡಳು. ಶಿಗ್ಗಾವಿಯಲ್ಲಿ ಹಾಯಾಗಿದ್ದ ನನ್ನನ್ನೂ ಎಳೆದುಕೊಂಡು ಹೊರಟಳು. (ನನಗೆ ಹಿಂದಿ ಬರುತ್ತದೆ ಎಂಬ ವದಂತಿ ನಮ್ಮ ಬಂಧುಬಳಗದಲ್ಲಿದೆ.)

ಸಂಸತ್ತಿನ ಒಳಗೆ ಹೋಗುವುದು ಸುಲಭವಲ್ಲ. ಚುನಾವಣೆ ಗೆದ್ದು ಹೋಗುವುದು ಬೇರೆ, ನೋಡಲು ಹೋಗುವುದೇ ಕಷ್ಟ. ಹೆಜ್ಜೆಗೊಂದು ತಪಾಸಣೆ. ಫೋನು, ಚೀಲ, ಕೊನೆಗೆ ಅತ್ತೆಯ ಎಲೆ-ಅಡಿಕೆ ಸಂಚಿಯನ್ನೂ ಇಸಿದುಕೊಂಡರು. ಗ್ಯಾಲರಿಗೆ ಬಿಡುವ ಮೊದಲು ಒಬ್ಬರು ನಿಯಮ ಹೇಳಿದರು. ಮಾತಾಡಬಾರದು. ಚಪ್ಪಾಳೆ ಹೊಡೆಯಬಾರದು. ಎದ್ದು ನಿಲ್ಲಬಾರದು. ಕೈ ತೋರಿಸಬಾರದು. ಮುಂದಕ್ಕೆ ಬಾಗಬಾರದು.

ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು:

‘ಒಳಗ ಯಾರರೆ ತೀರಿಕೊಂಡಾರೇನೋ ಬಸೂ?’

ಒಳಗೆ ಎಲ್ಲರೂ ಭರ್ಜರಿ ಜೀವಂತ ಇದ್ದರು. ಹನ್ನೊಂದಕ್ಕೆ ಸಭಾಧ್ಯಕ್ಷರು ಬಂದರು. ಎಲ್ಲರೂ ಎದ್ದು ಕೈಮುಗಿದರು. ಅತ್ತೆಗೆ ಬಹಳ ಹಿಡಿಸಿತು. ‘ಎಷ್ಟ ಶಿಸ್ತು’ ಎಂದು ಪಿಸುಗುಟ್ಟಿದಳು. ಆ ಮಾತು ಮುಗಿಯುವುದರೊಳಗೆ ಒಂದು ಕಡೆಯವರು ಫಲಕ ಹಿಡಿದು ಮುಂದಕ್ಕೆ ನುಗ್ಗಿದರು. ಇನ್ನೊಂದು ಕಡೆಯವರು ಕುಳಿತಲ್ಲಿಂದಲೇ ಅವರಿಗಿಂತ ಜೋರಾಗಿ ಕೂಗಿದರು. (ಯಾವ ಪಕ್ಷ ಎಂದು ಕೇಳಬೇಡಿ. ಮೇಲಿಂದ ನೋಡಿದರೆ ಎಲ್ಲರ ನೆತ್ತಿಯೂ ಒಂದೇ ಥರ.) ಅಧ್ಯಕ್ಷರು ಬೇಡಿಕೊಂಡರು, ಗದರಿಸಿದರು, ಕೊನೆಗೆ ಹನ್ನೆರಡರವರೆಗೆ ಸದನ ಮುಂದೂಡಿ ಎದ್ದುಹೋದರು. ನಮ್ಮನ್ನೂ ಎಬ್ಬಿಸಿದರು.

‘ಮುಗೀತೇನು? ನಮ್ಮ ಗಾಡಿ?’ ಅತ್ತೆಯ ಮುಖ ಸಣ್ಣದಾಯಿತು.

ಸಂಸದರ ಆಪ್ತ ಸಹಾಯಕರು ಓಡಾಡಿ ನಮ್ಮನ್ನು ಹನ್ನೆರಡಕ್ಕೆ ಮತ್ತೆ ಒಳಗೆ ಬಿಡಿಸಿದರು. ಮತ್ತೆ ಅದೇ ಫಲಕ, ಅದೇ ಕೂಗು. ಈ ಸಲ ಅಧ್ಯಕ್ಷರು ಗದ್ದಲದ ನಡುವೆಯೇ ಒಬ್ಬೊಬ್ಬರ ಹೆಸರು ಕರೆಯತೊಡಗಿದರು. ತಮ್ಮ ಊರಿನ ತುರ್ತು ವಿಷಯವನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಮೂರನೆಯದು ನಮ್ಮ ಸಂಸದರ ಹೆಸರು.

ಅವರು ಚೀಟಿ ಹಿಡಿದು ಎದ್ದರು. ನಿಜ ಹೇಳುತ್ತೇನೆ, ನನಗೆ ರೋಮಾಂಚನವಾಯಿತು. ಮದುವೆಯೂಟದಲ್ಲಿ ಕೊಟ್ಟ ಮಾತನ್ನು ಒಬ್ಬ ಮನುಷ್ಯ ದಿಲ್ಲಿಯಲ್ಲಿ ಉಳಿಸಿಕೊಳ್ಳುತ್ತಿದ್ದ! ಆದರೆ ಕೇಳಬೇಕಲ್ಲ? ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅವರ ಮೂಗಿನ ಮುಂದೆಯೇ ಯಾರೋ ಫಲಕ ಕುಣಿಸುತ್ತಿದ್ದರು. ಹಿಂದಿನ ಸಾಲಿನವರೊಬ್ಬರು ಮೇಜು ಬಡಿಯುತ್ತಿದ್ದರು, ಥೇಟ್ ತಾಟು ಬಡಿದಂತೆ.

ಪಕ್ಕಕ್ಕೆ ತಿರುಗಿದೆ. ಅತ್ತೆಯ ಕುರ್ಚಿ ಖಾಲಿ. ಅವಳು ಎದ್ದು ನಿಂತಿದ್ದಳು.

‘ಏ, ಕುಂದರ್ರಿ! ಒಬ್ರು ಮಾತಾಡಾಕತ್ತಾರ, ಕಾಣವಲ್ತೇನು? ಎಲ್ಲಾರೂ ಕುಂದರ್ರಿ!’

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಸದನ ಒಂದು ಕ್ಷಣ ಗಪ್ಪಾಯಿತು. ಕೂಗುತ್ತಿದ್ದವರು ಬಾಯಿ ತೆರೆದುಕೊಂಡೇ ಮೇಲೆ ನೋಡಿದರು. ಬಿಳಿ ಕೂದಲಿನ ಹಿರಿಯರೊಬ್ಬರು ಕುಳಿತೇ ಬಿಟ್ಟರು! ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಚಿಕ್ಕಂದಿನಲ್ಲಿ ಯಾವುದೋ ಊರಿನಲ್ಲಿ ಯಾರೋ ಒಬ್ಬ ಅತ್ತೆ ಅವರಿಗೂ ಇದ್ದಿರಬೇಕು. ಆ ಒಂದು ಕ್ಷಣದಲ್ಲಿ ನಮ್ಮ ಸಂಸದರ ಒಂದು ವಾಕ್ಯ ಸ್ವಚ್ಛವಾಗಿ ಕೇಳಿಸಿತು: ಯಲವಿಗಿಯಲ್ಲಿ ಎರಡು ನಿಮಿಷ ನಿಲುಗಡೆ ಕೊಡಿ.

ಅಷ್ಟರಲ್ಲಿ ಇಬ್ಬರು ಬಂದು ಅತ್ತೆಯ ರಟ್ಟೆ ಹಿಡಿದಿದ್ದರು. ಅವಳ ಹಿಂದೆ ನಾನು. ನಮ್ಮ ಹಿಂದೆ ಮತ್ತೆ ಶುರುವಾದ ಗದ್ದಲ.

ಒಂದು ಕೋಣೆಯಲ್ಲಿ ಕೂರಿಸಿದರು. ಮಹಿಳಾ ಅಧಿಕಾರಿಯೊಬ್ಬರು ಎದುರು ಕುಳಿತು ಪ್ರಶ್ನೆ ಕೇಳಿದರು. ಹೆಸರು? ಊರು? ಯಾರು ಕಳಿಸಿದರು? ಯಾವ ಪಕ್ಷ?

‘ಬಿಸಿಯೂಟ ಅಂತ ಹೇಳೋ’ ಎಂದಳು ಅತ್ತೆ.

ನಾನು ಹೇಳಿದೆ. ಆಕೆ ಬರೆದುಕೊಂಡರು. (ಹೊಸ ಪಕ್ಷ ಎಂದುಕೊಂಡರೋ ಏನೋ.) ಆಮೇಲೆ ಕ್ಷಮಾಪಣೆ ಪತ್ರಕ್ಕೆ ಸಹಿ ಕೇಳಿದರು. ಗ್ಯಾಲರಿಯಲ್ಲಿ ಗದ್ದಲ ಮಾಡಿ ಸದನದ ಶಾಂತಿ ಕದಡಿದ್ದಕ್ಕಾಗಿ ವಿಷಾದ ಎಂದು ಅದರಲ್ಲಿತ್ತು. ಅನುವಾದಿಸಿ ಹೇಳಿದೆ.

‘ಶಾಂತಿ?’ ಅತ್ತೆ ನನ್ನ ಮುಖ ನೋಡಿದಳು. ‘ಎಲ್ಲಿತ್ತದು?’

ಇದನ್ನು ನಾನು ಹಿಂದಿಗೆ ಅನುವಾದಿಸಲಿಲ್ಲ. ನಾವು ಊರಿಗೆ ವಾಪಸು ಬರುವುದಿತ್ತು.

ಆದರೆ ಆ ಅಧಿಕಾರಿ ಮುಂದೆ ಹೇಳಿದ ಮಾತಿಗೆ ಅತ್ತೆಯ ಜೋರೆಲ್ಲ ಇಳಿದುಹೋಯಿತು. ಪಾಸ್ ಕೊಡಿಸಿದ ಸಂಸದರಿಂದಲೂ ವಿವರಣೆ ಕೇಳಬೇಕಾಗಬಹುದು ಎಂದರು ಆಕೆ. ಅತ್ತೆ ಸುಮ್ಮನೆ ಸಹಿ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ನನ್ನ ಬಾಯಾಗ ಮಣ್ಣ ಹಾಕ. ಸಾಹೇಬ್ರು ಪಾಪ ಎದ್ದು ನಿಂತಿದ್ರು. ನಾ ಕೆಡಿಸಿಬಿಟ್ನೇನೋ ಬಸೂ. ಇನ್ನ ಕಾವೇರಿ ಮುಖ ಹೆಂಗ ನೋಡ್ಲಿ?’

ಶಾಲೆಯ ಮಕ್ಕಳನ್ನೆಲ್ಲ ಅಂಕೆಯಲ್ಲಿಡುವ ಹೆಂಗಸು ಮಗುವಿನ ಹಾಗೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ.

ಸಂಜೆ ಸದನ ಮುಗಿದ ಮೇಲೆ ಸಂಸದರು ಬಂದರು. ಬೈಯುತ್ತಾರೆಂದು ಇಬ್ಬರೂ ಎದ್ದು ನಿಂತೆವು. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಅಧಿಕಾರಿಗೆ ‘ಇವರು ನಮ್ಮೂರವರು, ಜವಾಬ್ದಾರಿ ನನ್ನದು’ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ ಸ್ವಲ್ಪ ನಾಚಿಕೆಯಿಂದಲೇ ಕೇಳಿದರು:

‘ನೀಲವ್ವಾರ, ನಾ ಮಾತಾಡಿದ್ದು ನಿಮಗರೆ ಕೇಳಿಸಿತೇನ್ರಿ?’

‘ಗಾಡಿ ನಿಲ್ಲಸ್ರಿ ಅಂದದ್ದು ಕೇಳಿಸಿತ್ರಿ.’

‘ಪುಣ್ಯ. ಅಷ್ಟರೆ ಕೇಳಿಸಿತಲ್ಲ’ ಎಂದು ಅವರು ನಿಟ್ಟುಸಿರುಬಿಟ್ಟರು.

ಮುಂದೇನಾಯಿತು? ಸಂಸದರಿಗೊಂದು ಉತ್ತರ ಬಂದಿದೆ, ಬೇಡಿಕೆ ಪರಿಶೀಲನೆಯಲ್ಲಿದೆ ಎಂದು. ಅದು ಇನ್ನೆಷ್ಟು ದಿನ ಪರಿಶೀಲನೆಯಲ್ಲಿರುತ್ತದೋ, ಪರಿಶೀಲಿಸುವವರಿಗೇ ಗೊತ್ತು. ಅತ್ತೆ ಅದಕ್ಕೆ ಕಾಯಲಿಲ್ಲ. ಹಾವೇರಿ ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿಯ ಕಂಟ್ರೋಲರ್ ಎದುರು ಕೈಮುಗಿದು ನಿಂತಳು. ರೈಲು ಬರುವತನಕ ಒಂದು ಹತ್ತು ನಿಮಿಷ ಬಸ್ಸು ತಡೆಯಲು ಕೇಳಿದಳು. ಈ ಸಲ ದನಿ ಏರಿಸಲಿಲ್ಲ. ಏರಿಸುವ ಪ್ರಮೇಯವೇ ಬರಲಿಲ್ಲ, ಯಾಕೆಂದರೆ ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಂಡರು. ಬಸ್ಸು ಈಗ ಕಾಯುತ್ತದೆ. ಕಾವೇರಿ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಮೊದಲ ದಿನ ಬಸ್ಸಿಳಿಯುವಾಗ ಫಕ್ಕೀರವ್ವ, ಅತ್ತೆ ಇಬ್ಬರೂ ಹೋಗಿ ನಿಂತಿದ್ದರಂತೆ.

ಮೊನ್ನೆ ಯಲವಿಗಿಗೆ ಹೋದಾಗ ಆ ದಿನದ ಕಲಾಪದ ದಾಖಲೆಯನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಸಂಸದರ ಮಾತು ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಸದನದಲ್ಲಿ ಯಾರಿಗೂ ಪೂರ್ತಿ ಕೇಳದಿದ್ದದ್ದು ಕಾಗದದಲ್ಲಿ ಎಲ್ಲರಿಗೂ ಕೇಳುವಂತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು, ತನಗೆ ಬಾರದ ಲಿಪಿಯ ಮೇಲೆ ಬೆರಳಾಡಿಸಿದಳು.

‘ನಂದೆಲ್ಲೈತಿ?’

‘ಗ್ಯಾಲರಿಯವರ ಮಾತು ಬರಕೊಳ್ಳೂದಿಲ್ಲ ಅತ್ತೀ.’

ಅವಳು ಕನ್ನಡಕ ತೆಗೆದು ಕಾಗದ ಮಡಚಿದಳು.

‘ಅಲ್ಲೋ ಬಸೂ, ಕುಂದರ್ರಿ ಅಂದಿದ್ದಕ್ಕ ಗದ್ಲ ಅಂತ ನನ್ನ ಕಡೆ ಸಹಿ ಹಾಕಿಸಿಕೊಂಡ್ರು. ಮತ್ತ ಅವ್ರು ಎದ್ದು ನಿಂತು ಒದರಿದ್ರಲ್ಲ, ಅದಕ್ಕೇನಂತಾರ?’

‘ಕಲಾಪ ಅಂತಾರ, ಅತ್ತೀ.’