ವೇಲ್ಸ್ ಶಿಲ್ಪಿಯ ಕಟ್ಟು, ಪುತ್ತೂರಿನ ಚೌಕಾಸಿ

ಎಪ್ಪತ್ತೈದು ರೂಪಾಯಿ ಹೆಚ್ಚು ಕೊಟ್ಟೆ. ನಾನು! ಪುತ್ತೂರಿನಲ್ಲಿ ಹಳೆ ಮರದ ಸಾಮಾನಿನ ಅಂಗಡಿ ಇಟ್ಟು, ನಾಲ್ಕಾಣೆಗೂ ಚೌಕಾಸಿ ಮಾಡಿ ಮೇಲೆ ಬಂದವನು!

ಯಾಕೆ ಕೊಟ್ಟೆ? ಸಂಪಾಜೆ ಕಡೆಯ ಎಸ್ಟೇಟ್ ಬಂಗಲೆಯ ಬೀಟೆ ಕಪಾಟು ಬೇಕಿತ್ತು. ಒಳಗಿದ್ದ ಹಳೆ ಕಾಗದದ ಕಟ್ಟಿಗೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ರೇಟು ಹಾಕಿಬಿಟ್ಟರು.

ಕಟ್ಟು ಬಿಚ್ಚಿದರೆ ಇಂಗ್ಲಿಷ್ ಪತ್ರಗಳು. ಜೊತೆಗೆ ಪೆನ್ಸಿಲ್ ಚಿತ್ರಗಳು: ಕೈ, ಕೊರಳು, ಮಲಗಿದ ಮಗುವಿನ ಮುಖ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಭಟ್ಟರು ಓದಿ ಹೇಳಿದರು. ಬರೆದವನು ಕಳೆದ ಶತಮಾನದ ಒಬ್ಬ ಶಿಲ್ಪಿ, ವೇಲ್ಸಿನವನು. ಎಸ್ಟೇಟಿನಲ್ಲಿದ್ದ ತಮ್ಮನಿಗೆ ಬರೆದದ್ದು.

"ಇಂಗ್ಲೆಂಡಿನವನಾ?"

"ಹಾಗೆ ಹೇಳಿದ್ರೆ ಅವನಿಗೆ ಕೋಪ ಬರ್ತಿತ್ತು. ವೇಲ್ಸ್ ಬೇರೆ ನಾಡು. ಘಟ್ಟದ ಕೆಳಗಿನ ನಿಮ್ಮನ್ನು ಘಟ್ಟದ ಮೇಲಿನವರು ಅಂದ ಹಾಗೆ!"

ಪ್ರತಿ ಪತ್ರವೂ ಒಂದು ಚಿತ್ರದ ಮಾತೇ. ಈ ಬೆರಳು ಕಲ್ಲಿನಲ್ಲಿ ಮುರಿಯಿತು, ಚಿತ್ರ ನೋಡು. ಈ ಕಣ್ಣು ಮುಚ್ಚಲೋ ತೆರೆಯಲೋ, ಚಿತ್ರ ನೋಡಿ ಹೇಳು.

ಸುದ್ದಿ ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಮುಟ್ಟಿತು. ಕಾರಿನಲ್ಲಿ ಬಂದ. ಕಪಾಟು, ಕುರ್ಚಿ, ಮುರುಕು ಸ್ಟೂಲು ಎಲ್ಲದರ ರೇಟು ಕೇಳಿದ, ಕಟ್ಟಿನದ್ದು ಬಿಟ್ಟು. (ಗಿರಾಕಿ ಯಾವುದರ ರೇಟು ಕೇಳುವುದಿಲ್ಲವೋ ಅದಕ್ಕೇ ಬಂದಿರುತ್ತಾನೆ. ಬರೆದಿಟ್ಟುಕೊಳ್ಳಿ.)

ಕೊನೆಗೆ ಬಾಯಿ ಬಿಟ್ಟ: "ಚಿತ್ರ ಮಾತ್ರ ಕೊಡಿ ಸಾರ್, ಎರಡು ಸಾವಿರ. ಕಾಗದ ನೀವೇ ಇಟ್ಕೊಳಿ, ಒಲೆ ಹಚ್ಚೋಕಾಗುತ್ತೆ."

ಪಕ್ಕದ ಅಂಗಡಿಯ ಅಬ್ಬಾಸ್ ಬ್ಯಾರಿ ಎದ್ದು ಬಂದರು. "ಕೊಡಿ ಮಾರಾಯ್ರೆ! ನಾಳೆ ಗೆದ್ದಲು ಹಿಡಿದ್ರೆ ಎಂತ ಮಾಡುದು?"

ನಾನು ಹೇಳಿದೆ: "ಬೂತಾಯಿ ಮೀನು ಪಾಲು ಹಾಕಿ ಮಾರುವಲ್ಲಿ ದೊಡ್ಡ ಮೀನು ಮಾತ್ರ ಆರಿಸ್ಲಿಕ್ಕೆ ಉಂಟಾ? ತಗೊಳ್ಳುದಾದ್ರೆ ಇಡೀ ಪಾಲು."

ಮೂರು ಸಾವಿರಕ್ಕೆ ಏರಿದ. ಆ ಮಳೆಗಾಲ ಅಂಗಡಿಯ ಮಾಡು ಸೋರುತ್ತಿತ್ತು. ಆದರೆ ಚಿತ್ರ ಹೋದರೆ 'ನೋಡು' ಎನ್ನುವ ಪತ್ರ ಏನನ್ನು ತೋರಿಸಬೇಕು?

"ಆಗುದಿಲ್ಲ" ಎಂದೆ. ಕಾರು ಹೋಯಿತು. ಅಬ್ಬಾಸ್ ಬ್ಯಾರಿ ನನ್ನ ಜೊತೆ ಮಾತು ಬಿಟ್ಟರು.

ಭಟ್ಟರು ಹಳೆ ಕಾಗದ ಕಾಪಾಡುವ ವೇಲ್ಸಿನ ಒಂದು ಪತ್ರಾಗಾರಕ್ಕೆ ಬರೆದರು. ಇಡೀ ಕಟ್ಟು ಬೇಕು ಎಂದು ಉತ್ತರ ಬಂತು. ಕೊಟ್ಟದ್ದು ಒಂದೂವರೆ ಸಾವಿರ. (ಪೋಸ್ಟಿನ ಖರ್ಚು ಅವರದ್ದೇ, ಬಿಡುತ್ತೇನಾ? ಹೊರದೇಶಕ್ಕೆ ಕಳಿಸುವ ಪರ್ಮಿಟ್ಟಿಗೆ ಅಲೆದ ಕತೆ ಬೇರೆ.)

ಕಳೆದ ವಾರ ಅವರಿಂದ ಒಂದು ಫೋಟೋ ಬಂದಿದೆ. ಒಂದೇ ಪೆಟ್ಟಿಗೆ, ಪ್ರತಿ ಪತ್ರದ ಪಕ್ಕ ಅದರದೇ ಚಿತ್ರ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರ: ಪುತ್ತೂರು ಕಟ್ಟು. ಆ ದೇಶದಲ್ಲಿ ನಮ್ಮೂರ ಹೆಸರು! ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದೇನೆ. ಅಬ್ಬಾಸ್ ಬ್ಯಾರಿ ದಿಟ್ಟಿಸಿ ನೋಡಿ ಕೊನೆಗೂ ಬಾಯಿ ತೆರೆದರು: "ನಿಮ್ಮ ಬೋರ್ಡಿಗಿಂತ ಚಂದ ಬರ್ದಿದ್ದಾರಲ್ಲಾ!"

ನಿಮ್ಮ ಅಟ್ಟದಲ್ಲೂ ಹಳೆ ಕಾಗದ ಇರಬಹುದು. ಬಿಸಿಲಿಗೆ ಹರಡಬೇಡಿ, ನೆರಳಲ್ಲಿ ಗಾಳಿಯಾಡಿಸಿ. ಇದ್ದ ಕ್ರಮ ಕೆಡಿಸಬೇಡಿ. ಓದಬಲ್ಲವರನ್ನು ಹುಡುಕಿ, ಏನು ಬರೆದಿದೆ ಎಂದು ಮೊದಲು ಕೇಳಿ. ರೇಟು ಆಮೇಲೆ ಕೇಳಿದರೆ ಅದೇನು ಓಡಿಹೋಗುತ್ತದೆಯೇ?